ಸೂರು ನೋಡುತ್ತಾ ಕೂತವಳಿಗೆ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ ಬರೆದದ್ದು
ಭಾನುವಾರ, ತಾರೀಕು 8, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತಾ, ಇಲ್ಲ ಬೆಳಿಗ್ಗೆ ಎದ್ದ ತಕ್ಷಣ ಇನ್ನೂ ಬರುತ್ತಿದೆಯಾ? ಬಿಸಿನೀರು ಕುಡಿ ಅಂದರೆ ಕುಡಿಯುವವಳಲ್ಲ ನೀನು, ಅದು ನನಗೆ ಗೊತ್ತು. ಆದರೂ ಹೇಳುತ್ತೇನೆ, ಕುಡಿ. ದೊಡ್ಡಮ್ಮನ ಜೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುತ್ತೀಯಂತೆ. ಒಂದು ಸ್ಟೂಲ್ ಹಾಕಿಸಿಕೋ, ಕೇಳಿದರೆ ದೊಡ್ಡಮ್ಮ ಬೇಡ ಅನ್ನುವುದಿಲ್ಲ. ಅವಳ ಮಂಡಿನೋವು ಹೇಗಿದೆ? ಮಾತ್ರೆ ತೊಗೊಳ್ಳೋದು ಮರೆಯುತ್ತಾಳೆ, ನೀನು ಸ್ವಲ್ಪ ಜ್ಞಾಪಿಸು. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನಿಗೆ ಬ್ರಷ್ ಎತ್ತಿ ಎತ್ತಿ ಬಲಗಡೆ ಭುಜ ಹಿಡಿದುಕೊಂಡಿದೆ, ಎರಡು ದಿನ ಎಡಗೈಯಲ್ಲಿ ಬಣ್ಣ ಬಳಿದು ಬಂದರು. ಕಂಡವರ ಮನೆ ಗೋಡೆಗಳನ್ನೆಲ್ಲ ಥಳಥಳ ಮಾಡುವ ಮನುಷ್ಯನಿಗೆ ನಮ್ಮ ಬಚ್ಚಲುಮನೆಯ ಗೋಡೆ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಕೇಳಿದರೆ ‘ನೋಡೋಣ, ನೋಡೋಣ’ ಅನ್ನುತ್ತಾರೆ. ಹನ್ನೊಂದು ವರ್ಷದಿಂದ ನೋಡುತ್ತಲೇ ಇದ್ದಾರೆ.

ಫೋನ್ ಇರುವಾಗ ಇವಳು ಯಾಕೆ ಕಾಗದ ಬರೆಯುತ್ತಿದ್ದಾಳೆ ಅಂತ ನಿನಗೆ ಅನ್ನಿಸುತ್ತಿರಬಹುದು. ಫೋನ್ ಮಾಡಿದರೆ ನೀನು ‘ಹೂಂ’ ಅನ್ನುತ್ತೀಯ, ‘ಆಯ್ತು’ ಅನ್ನುತ್ತೀಯ, ಮೂರನೆಯ ಮಾತಿಗೆ ‘ದೊಡ್ಡಮ್ಮಂಗೆ ಕೊಡ್ತೀನಿ’ ಅಂತ ದಾಟಿಸಿಬಿಡುತ್ತೀಯ. ನೀನು ಮನೆ ಬಿಟ್ಟು ಹೋಗಿ ಏಳು ತಿಂಗಳಾಯಿತು. ಜೀವಶಾಸ್ತ್ರದಲ್ಲಿ ಎರಡನೇ ಸಲ ಫೇಲಾದ ಸುದ್ದಿ ಬಂದ ದಿನ ನಾನು ಏನಂದೆ ಅನ್ನೋದು ನಿನಗೂ ನೆನಪಿದೆ, ನನಗೂ ನೆನಪಿದೆ. ‘ಹದಿನೈದು ಸಲ ಓದಿದ್ರೂ ತಲೆಗೆ ಹತ್ತಲ್ಲ ಅಂದ್ರೆ ಅದು ತಲೆಯೇನೇ?’ ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ನೀನು ಒಂದು ವಾರ ಮುಖ ಊದಿಸಿಕೊಂಡು ಆಮೇಲೆ ಸರಿಹೋಗುತ್ತಿದ್ದೆಯೇನೋ. ‘ನಿನ್ನ ನೋಡಿದ್ರೆ ನಂಗೆ ನಾಚಿಕೆ ಆಗುತ್ತೆ’ ಅಂತಲೂ ಅಂದುಬಿಟ್ಟೆ. ಮಾರನೇ ದಿನ ನಾನು ಡ್ಯೂಟಿಯಿಂದ ಬರುವಷ್ಟರಲ್ಲಿ ನಿನ್ನ ಬ್ಯಾಗೂ ಇರಲಿಲ್ಲ, ನೀನೂ ಇರಲಿಲ್ಲ. ಆ ಮಾತನ್ನು ಫೋನಿನಲ್ಲಿ ಹಿಂದಕ್ಕೆ ತೊಗೊಳ್ಳೋಕೆ ಎಷ್ಟು ಸಲ ಹೊರಟೆನೋ. ಬಾಯಿಗೆ ಬರುವುದು ‘ಊಟ ಆಯ್ತಾ, ಮಳೆ ಬಂತಾ’ ಅನ್ನೋದೇ. ಬರೆಯುವಾಗ ನೀನು ಎದುರಿಗಿಲ್ಲ, ಫೋನ್ ದಾಟಿಸುವ ಹಾಗೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕೊನೆಯವರೆಗೂ ಓದು.

ಈಗ ಸುದ್ದಿ ಕೇಳು, ನಗಬೇಡ. ನಿಮ್ಮಮ್ಮನಿಗೆ ಪರೀಕ್ಷೆ ಬಂದಿತ್ತು! ಆಸ್ಪತ್ರೆಯಲ್ಲಿ ಹೊಸ ನಿಯಮವಂತೆ. ಆಪರೇಷನ್ ಉಪಕರಣಗಳನ್ನು ತೊಳೆದು, ಆವಿಯಲ್ಲಿ ಬೇಯಿಸಿ, ಟ್ರೇಯಲ್ಲಿ ಜೋಡಿಸಿಡುವ ನಮ್ಮ ಕೋಣೆಯವರೆಲ್ಲ ಬರವಣಿಗೆಯ ಪರೀಕ್ಷೆ ಪಾಸು ಮಾಡಬೇಕು. ಇಲ್ಲದಿದ್ದರೆ ಕೆಳಗಡೆ ಬಟ್ಟೆ ಒಗೆಯುವ ವಿಭಾಗಕ್ಕೆ ಕಳಿಸುತ್ತಾರೆ. ಹದಿನೇಳು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ, ಕಣ್ಣು ಕಟ್ಟಿ ಬಿಟ್ಟರೂ ಟ್ರೇ ಜೋಡಿಸುತ್ತೇನೆ. ಆದರೆ ನನಗೆ ಗೊತ್ತಿರುವ ಹೆಸರುಗಳೆಲ್ಲ ನಾನೇ ಇಟ್ಟುಕೊಂಡವು ಅಂತ ನಿನಗೆ ಗೊತ್ತಲ್ಲ. ಹಲ್ಲಿಲ್ಲದೆ ಮೆತ್ತಗೆ ಹಿಡಿಯುವ ಇಕ್ಕಳಕ್ಕೆ ಬೊಚ್ಚುಬಾಯಿ, ಮುಂದೆ ಹಲ್ಲು ಸಾಲಾಗಿರುವುದಕ್ಕೆ ಹಲ್ಲುಬ್ಬಿ, ತುದಿಯಲ್ಲಿ ಚೂಪು ಹಲ್ಲಿರುವವನು ಕೋರೆಹಲ್ಲ, ಉದ್ದ ಕತ್ತಿನವಳು ಕೊಕ್ಕರೆ. ಪರೀಕ್ಷೆಯಲ್ಲಿ ಬೊಚ್ಚುಬಾಯಿ ಅಂತ ಬರೆದರೆ ಆಗುತ್ತದೆಯೇ? ಬ್ಯಾಬ್‌ಕಾಕ್ ಅಂತ ಬರೆಯಬೇಕಂತೆ. ಹಲ್ಲುಬ್ಬಿ ಆಲಿಸ್ ಅಂತೆ, ಕೋರೆಹಲ್ಲ ಕೋಚರ್ ಅಂತೆ. ಯಾವುದನ್ನು ಯಾವುದಕ್ಕೆ ಬಳಸುತ್ತಾರೆ, ಎಷ್ಟು ಶಾಖದಲ್ಲಿ ಎಷ್ಟು ನಿಮಿಷ ಇಡಬೇಕು, ಎಲ್ಲ ಅಚ್ಚುಕಟ್ಟಾಗಿ ಬರೆಯಬೇಕು. ನೂರಾ ಹತ್ತು ಪುಟದ ಪುಸ್ತಕ ಕೈಗೆ ಕೊಟ್ಟು ‘ಎರಡು ತಿಂಗಳು ಟೈಮಿದೆ’ ಅಂದರು.

ನಾನೇನು ಮಾಡಿದೆ ಅಂತೀಯ? ನಿನಗೆ ಏನು ಮಾಡು ಅಂತ ಏಳು ವರ್ಷ ಪೀಡಿಸಿದೆನೋ ಅದನ್ನೇ ಮಾಡಿದೆ. ಕೂತು ಓದಿದೆ. ಮುಗಿದ ಮೇಲೆ ಮತ್ತೆ ಮೊದಲಿಂದ ಓದಿದೆ. ನಿನ್ನ ಡ್ರಾಯರ್‌ನಲ್ಲಿದ್ದ ಹಳದಿ ಮಾರ್ಕರ್ ತೊಗೊಂಡು ಮುಖ್ಯ ಅನ್ನಿಸಿದ ಸಾಲಿಗೆಲ್ಲ ಎಳೆದೆ. ಎಲ್ಲವೂ ಮುಖ್ಯ ಅನ್ನಿಸಿ ಪುಸ್ತಕಕ್ಕೇ ಕಾಮಾಲೆ ಬಂದ ಹಾಗಾಯಿತು. ನಾಲ್ಕನೇ ಸಲ ಓದುವಾಗ ಎಲ್ಲ ಪರಿಚಿತ ಮುಖಗಳು ಕಂಡ ಹಾಗೆ, ‘ಓ ಇದು ಗೊತ್ತು, ಓ ಇದೂ ಗೊತ್ತು’ ಅನ್ನಿಸುತ್ತಿತ್ತು. ನಾನು ಎಂಥಾ ಬುದ್ಧಿವಂತೆ, ಶಾಲೆ ಬಿಡಿಸಿದ್ದೇ ತಪ್ಪಾಯಿತು ಅಂತ ಬೀಗಿಕೊಂಡು ಪುಸ್ತಕವನ್ನು ನಿಮ್ಮಪ್ಪನ ಕೈಗೆ ಕೊಟ್ಟೆ, ಏನು ಬೇಕಾದರೂ ಕೇಳಿ ಅಂದೆ. ಅವರು ಕನ್ನಡಕ ಏರಿಸಿಕೊಂಡು ಮೊದಲನೇ ಪುಟದ್ದೇ ಕೇಳಿದರು. ಬಾಯಿ ತೆರೆದೆ. ಒಂದಕ್ಷರ ಬರಲಿಲ್ಲ, ಗುಬ್ಬಿ! ಪುಟ ಕಣ್ಣ ಮುಂದಿದೆ, ಹಳದಿ ಬಣ್ಣ ಕಾಣುತ್ತಿದೆ, ಅದರ ಕೆಳಗೆ ಏನಿದೆ ಅನ್ನೋದು ಮಾತ್ರ ಖಾಲಿ. ನಿಮ್ಮಪ್ಪ ಮೆಲ್ಲಗೆ ನಕ್ಕರು. ಅವರ ಕೈಯಿಂದ ಪುಸ್ತಕ ಕಿತ್ತುಕೊಂಡು ಬೈದೆ ಅನ್ನು. ಹದಿನಾಲ್ಕು ಸಲ ಓದಿದೆ ಕಣೇ. ಎಣಿಸಿದ್ದೇನೆ. ಪ್ರತಿ ಸಲವೂ ಅದೇ ಕಥೆ.

ನಮ್ಮ ಇನ್‌ಚಾರ್ಜ್ ಸಿಸ್ಟರ್ ನಿನಗೆ ಗೊತ್ತು, ನಗುವುದಕ್ಕೂ ಅರ್ಜಿ ಕೇಳುವಂಥವರು. ಒಂದು ದಿನ ಊಟದ ವಿರಾಮದಲ್ಲಿ ನಾನು ಪುಸ್ತಕ ಹಿಡಿದು ಗುಣುಗುಣು ಅನ್ನುತ್ತಿದ್ದಾಗ ಬಂದು ಅದನ್ನು ಮುಚ್ಚಿಬಿಟ್ಟರು. ‘ಈಗ ಹೇಳಿ’ ಅಂದರು. ಮುಚ್ಚಿದರೆ ಏನೂ ಬರಲ್ಲ ಸಿಸ್ಟರ್, ಅಂದೆ. ‘ಬರದೇ ಇದ್ದಾಗ ತಡಕಾಡ್ತೀರಲ್ಲಮ್ಮ, ಆ ತಡಕಾಟಾನೇ ಓದು. ತೆರೆದಿಟ್ಕೊಂಡು ನೋಡ್ತಾ ಕೂತ್ರೆ ಕಣ್ಣು ಮಾತ್ರ ಓದುತ್ತೆ’ ಅಂದರು. ಒಂದು ಪುಟ ಓದಬೇಕು, ಪುಸ್ತಕ ಮುಚ್ಚಬೇಕು, ನೆನಪಿಗೆ ಬಂದಷ್ಟನ್ನು ಒದ್ದಾಡಿ ಹೇಳಬೇಕು, ಆಮೇಲೆ ತೆರೆದು ಯಾವುದು ಬಿಟ್ಟುಹೋಯಿತು ನೋಡಬೇಕು. ಅಷ್ಟೇ ಅಂತೆ. ಕೈಗವಸಿನ ಖಾಲಿ ಡಬ್ಬಗಳನ್ನು ಕತ್ತರಿಸಿ ಚೀಟಿ ಮಾಡಿಕೊಳ್ಳೋಕೂ ಅವರೇ ಹೇಳಿಕೊಟ್ಟರು. ಒಂದು ಬದಿಗೆ ಉಪಕರಣದ ಹೆಸರು, ಇನ್ನೊಂದು ಬದಿಗೆ ಅದರ ಕೆಲಸ. ಬಾರದ ಚೀಟಿಗಳನ್ನು ದಿನಾ ನೋಡಬೇಕು, ಬಂದವನ್ನು ಮೂರು ದಿನ ಬಿಟ್ಟು, ಆಮೇಲೂ ಬಂದರೆ ವಾರ ಬಿಟ್ಟು. ಅಡುಗೆಮನೆಯಲ್ಲಿ ಮೂರು ಡಬ್ಬಿ ಖಾಲಿ ಮಾಡಿ ಚೀಟಿ ತುಂಬಿದೆ. ಮಾರನೇ ಬೆಳಿಗ್ಗೆ ನಿಮ್ಮಪ್ಪ ಸಕ್ಕರೆ ಅಂತ ಚಮಚ ಹಾಕಿ ಆಲಿಸ್‌ನನ್ನು ಎತ್ತಿದರು. ‘ಇದನ್ನ ಕಾಫಿಗೆ ಎಷ್ಟು ಹಾಕ್ಬೇಕೇ?’ ಅಂತ ಕೇಳಿದರಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀನು ಹೋದ ಮೇಲೆ ಈ ಮನೆಯಲ್ಲಿ ಅಷ್ಟು ನಕ್ಕಿದ್ದು ಅದೇ ಮೊದಲು.

ಅದಾದ ಮೇಲೆ ಒಂದು ಸಂಜೆ. ಇದನ್ನು ಹೇಳೋಕೇ ಇಷ್ಟು ಸುತ್ತಿ ಬಳಸಿ ಬಂದಿದ್ದೇನೆ. ಹಾಲ್‌ನಲ್ಲಿ ನಿನ್ನ ಕುರ್ಚಿಯ ಮೇಲೆ ಕೂತು, ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಸೂರು ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದೆ. ನಿಮ್ಮಪ್ಪ ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ‘ಲೇ, ಥೇಟ್ ನಮ್ಮ ಗುಬ್ಬಿ ಥರಾನೇ ಸೂರು ನೋಡ್ತಾ ಕೂತಿದ್ದೀಯಲ್ಲೇ’ ಅಂದರು. ತಮಾಷೆಗೆ ಅಂದದ್ದು. ಚಪ್ಪಲಿ ಬಿಟ್ಟು ಕೈಕಾಲು ತೊಳೆಯೋಕೆ ಹೋದರು. ನನಗೆ ಮಾತ್ರ ಕೂತಲ್ಲಿಂದ ಏಳೋಕಾಗಲಿಲ್ಲ.

ನೀನು ಹೀಗೇ ಕೂರುತ್ತಿದ್ದೆ. ಹನ್ನೆರಡು ವರ್ಷದವಳಿದ್ದಾಗಿನಿಂದ ಹೀಗೇ. ಒಂದು ಪುಟ ಓದುತ್ತಿದ್ದೆ, ಪುಸ್ತಕ ಮುಚ್ಚುತ್ತಿದ್ದೆ, ಸೂರು ನೋಡುತ್ತಿದ್ದೆ. ನಾನು ಎದುರಿಗೆ ತರಕಾರಿ ಹೆಚ್ಚಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದವಳು ತಕ್ಷಣ ಕೂಗುತ್ತಿದ್ದೆ, ‘ಸೂರಲ್ಲಿ ಏನು ಬರ್ದಿದ್ಯೇ? ಪುಸ್ತಕ ತೆಗಿ!’ ಅಂತ. ನೀನು ತೆಗೆಯುತ್ತಿದ್ದೆ. ಮೊದಮೊದಲು ‘ಅಮ್ಮಾ, ಜ್ಞಾಪಿಸ್ಕೋತಿದ್ದೀನಿ’ ಅನ್ನುತ್ತಿದ್ದೆ. ನೆಪ ಹೇಳಬೇಡ ಅಂತ ನಾನು ಗದರಿಸುತ್ತಿದ್ದೆ. ಆಮೇಲಾಮೇಲೆ ನೀನು ಹೇಳುವುದನ್ನೂ ಬಿಟ್ಟೆ, ಪುಸ್ತಕ ಮುಚ್ಚುವುದನ್ನೂ ಬಿಟ್ಟೆ. ತೆರೆದ ಪುಟದ ಮೇಲೆ ಕಣ್ಣಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದೆ. ಅದನ್ನು ಕಂಡು ನಾನು ಹಿಗ್ಗುತ್ತಿದ್ದೆ, ಈಗ ದಾರಿಗೆ ಬಂದಳು ಅಂತ. ನಿನ್ನ ಅಂಕಗಳು ಇಳಿಯೋಕೆ ಶುರುವಾಗಿದ್ದೂ ಆಗಲೇ. ಗಣಿತ ಓದುತ್ತಿದ್ದವಳು ಮಧ್ಯದಲ್ಲಿ ಚರಿತ್ರೆಗೆ ಹೋಗಿ, ಮತ್ತೆ ಗಣಿತಕ್ಕೆ ಬಂದರೆ ‘ಕಪ್ಪೆ ಥರಾ ಹಾರ್ಬೇಡ, ಒಂದು ಮುಗಿಸು’ ಅನ್ನುತ್ತಿದ್ದೆ. ಹಾಗೆ ಬಿಟ್ಟು ಬಿಟ್ಟು ಓದಿದರೇ ಗಟ್ಟಿಯಾಗಿ ಉಳಿಯುತ್ತದಂತೆ, ಸಿಸ್ಟರ್ ಹೇಳಿದರು. ಒಂಬತ್ತಕ್ಕೆ ಮಲಗಿದರೆ ಎಬ್ಬಿಸುತ್ತಿದ್ದೆ. ನಿದ್ದೆಯಲ್ಲೇ ಓದಿದ್ದು ತಲೆಯಲ್ಲಿ ಕೂರುತ್ತದಂತೆ, ಅದನ್ನೂ ಹೇಳಿದರು. ಅವರು ಒಂದೊಂದು ಹೇಳಿದಾಗಲೂ ನನಗೆ ಯಾರೋ ಕಿವಿ ಹಿಂಡಿದ ಹಾಗಾಗುತ್ತಿತ್ತು. ಯಾರೂ ಹೇಳಿಕೊಡದೆ ನಿನ್ನಷ್ಟಕ್ಕೆ ನೀನೇ ಕಂಡುಕೊಂಡಿದ್ದನ್ನೆಲ್ಲ ಒಂದೊಂದಾಗಿ ನಾನೇ ಬಿಡಿಸಿದೆ. ಆಮೇಲೆ ತಲೆ ಇಲ್ಲ ಅಂತ ಬೈದೆ. ನನ್ನಂಥ ಬೆಪ್ಪು ಇನ್ನೊಬ್ಬಳಿದ್ದಾಳಾ? ತಪ್ಪಾಯಿತು, ಗುಬ್ಬಿ. ತಾಯಿ ಮಗಳ ಹತ್ತಿರ ಹೀಗೆ ಕೇಳಬಾರದು ಅಂತ ದೊಡ್ಡಮ್ಮ ಅನ್ನಬಹುದು, ಅನ್ನಲಿ. ತಪ್ಪಾಯಿತು.

ಅಂದಿನಿಂದ ನಿನ್ನ ಹಾಗೇ ಓದಿದೆ. ನೀನು ಚಿಕ್ಕವಳಿದ್ದಾಗ ತಲೆದಿಂಬುಗಳನ್ನು ಸಾಲಾಗಿ ಕೂರಿಸಿ ಪಾಠ ಹೇಳುತ್ತಿದ್ದೆಯಲ್ಲ, ನಾನು ನಿಮ್ಮಪ್ಪನನ್ನು ಕೂರಿಸಿಕೊಂಡೆ. ಬೇರೆಯವರಿಗೆ ಹೇಳಿಕೊಡೋಕೆ ಹೋದಾಗಲೇ ನಮಗೆ ಯಾವುದು ಅರ್ಥವಾಗಿಲ್ಲ ಅನ್ನೋದು ಬಯಲಾಗುವುದು. ಆವಿಯ ಪೆಟ್ಟಿಗೆಯಲ್ಲಿ ಟ್ರೇಗಳನ್ನು ಒತ್ತೊತ್ತಾಗಿ ಯಾಕೆ ಇಡಬಾರದು ಅಂತ ಕೇಳಿದರು. ಹದಿನೇಳು ವರ್ಷದಿಂದ ಒತ್ತಾಗಿ ಇಟ್ಟಿಲ್ಲ, ಯಾಕೆ ಅಂತ ಯಾರೂ ಕೇಳಿರಲಿಲ್ಲ. ಪುಸ್ತಕ ನೋಡಿದೆ. ಆವಿ ಎಲ್ಲ ಕಡೆ ಸುಳಿದಾಡೋಕೆ ಜಾಗ ಬೇಕಂತೆ. ಈಗ ಅದನ್ನು ಸಾಯುವವರೆಗೂ ಮರೆಯುವುದಿಲ್ಲ. ನಿಮ್ಮಪ್ಪನ ಕಥೆ ಕೇಳು, ಮೊನ್ನೆ ಬಣ್ಣದ ಡಬ್ಬದ ಮುಚ್ಚಳ ತೆಗೆಯೋಕೆ ಇಕ್ಕಳ ಬೇಕಾಗಿ, ಜೊತೆ ಕೆಲಸದವರಿಗೆ ‘ಆ ಕೋಚರ್ ಕೊಡ್ರೋ’ ಅಂದರಂತೆ. ಅವರೆಲ್ಲ ಈಗ ಇವರನ್ನು ಡಾಕ್ಟ್ರೇ ಅಂತಲೇ ಕರೆಯುವುದು.

ಇನ್ನೊಂದು ಉಪಾಯವನ್ನೂ ಸಿಸ್ಟರ್ ಹೇಳಿದ್ದರು. ಕ್ರಮವಾಗಿ ನೆನಪಿಡಬೇಕಾದ್ದನ್ನು ಮನೆಯೊಳಗೆ ಒಂದೊಂದು ಜಾಗದಲ್ಲಿ ಇಟ್ಟ ಹಾಗೆ ಕಲ್ಪಿಸಿಕೊಳ್ಳಬೇಕು, ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಮನೆಯೊಳಗೆ ನಡೆದು ಬಂದರೆ ಎಲ್ಲ ಸಿಗುತ್ತದೆ ಅಂತ. ಹೊಟ್ಟೆ ಆಪರೇಷನ್ನಿನ ಟ್ರೇಯಲ್ಲಿ ಮೂವತ್ತೆಂಟು ಉಪಕರಣ. ಬಾಗಿಲ ಚಿಲಕಕ್ಕೆ ಬಟ್ಟೆ ಹಿಡಿಯುವ ಕ್ಲಿಪ್ಪುಗಳನ್ನು ನೇತುಹಾಕಿದೆ, ಸ್ಟೂಲಿನ ಮೇಲೆ ಕತ್ತರಿಗಳನ್ನಿಟ್ಟೆ, ಟೀವಿಯ ಮೇಲೆ ಬೊಚ್ಚುಬಾಯಿಯನ್ನು ಕೂರಿಸಿದೆ, ಒಲೆಯ ಮೇಲೆ ಕೊಕ್ಕರೆಯನ್ನು ಬೇಯೋಕೆ ಇಟ್ಟೆ. ಒಂದು ದಿನ ನಿಮ್ಮಪ್ಪ ಸ್ಟೂಲ್ ಎತ್ತೋಕೆ ಹೋದರೆ ‘ಅಯ್ಯೋ ಮುಟ್ಬೇಡಿ, ಕತ್ತರಿ ಇದೆ ಅದರ ಮೇಲೆ!’ ಅಂತ ಕಿರುಚಿದೆ. ಪಾಪ, ಖಾಲಿ ಸ್ಟೂಲನ್ನೂ ನನ್ನ ಮುಖವನ್ನೂ ನೋಡಿ ಸದ್ದಿಲ್ಲದೆ ಆಚೆ ಹೋದರು. ಹೀಗೆ ಮನೆಯೆಲ್ಲ ತುಂಬಿ ಕೊನೆಯ ಎಂಟು ಉಳಿದವು. ಅವುಗಳೇ ಕಷ್ಟದವು. ಅವನ್ನು ನಿನ್ನ ಮಂಚದ ಮೇಲೆ ಸಾಲಾಗಿ ಮಲಗಿಸಿದೆ.

ಪರೀಕ್ಷೆ ಹೋದ ತಿಂಗಳು ಇಪ್ಪತ್ತನೇ ತಾರೀಕು ಆಯಿತು. ಆಸ್ಪತ್ರೆಯ ಸಭಾಂಗಣದಲ್ಲಿ ನಮ್ಮನ್ನು ದೂರ ದೂರ ಕೂರಿಸಿದರು. ಎಲ್ಲರೂ ನನ್ನ ವಯಸ್ಸಿನ ಆಸುಪಾಸಿನವರೇ. ನನ್ನ ಪಕ್ಕದ ಸಾಲಿನವಳು ಹೆಸರು ಬರೆಯುವ ಜಾಗದಲ್ಲೇ ಎರಡು ಸಲ ಹೊಡೆದುಹಾಕಿದಳು. ಟ್ರೇಯ ಪ್ರಶ್ನೆ ಬಂದೇ ಬಂತು. ಕಣ್ಣು ಮುಚ್ಚಿ ಮನೆಯೊಳಗೆ ಬಂದೆ. ಚಿಲಕ, ಸ್ಟೂಲ್, ಟೀವಿ, ಒಲೆ, ಎಲ್ಲ ನೀರು ಕುಡಿದಷ್ಟು ಸುಲಭವಾಗಿ ಬಂದವು, ಪೆನ್ನು ಓಡಿತು. ಆಮೇಲೆ ನಿನ್ನ ಕೋಣೆಗೆ ಹೋದೆ. ಮಂಚದ ಮೇಲೆ ಉಪಕರಣ ಒಂದೂ ಇರಲಿಲ್ಲ, ಗುಬ್ಬಿ. ನೀನು ಕೂತಿದ್ದೆ. ಗೋಡೆಯ ಕಡೆ ಮುಖ ಮಾಡಿ, ಮಂಡಿ ತಬ್ಬಿಕೊಂಡು, ಫಲಿತಾಂಶ ಬಂದ ದಿನ ಕೂತಿದ್ದೆಯಲ್ಲ, ಹಾಗೇ. ಎಷ್ಟು ಪ್ರಯತ್ನ ಪಟ್ಟರೂ ನೀನು ಅಲ್ಲಿಂದ ಏಳಲಿಲ್ಲ. ಏಳು ಅನ್ನೋಕೆ ನನಗೂ ಮನಸ್ಸು ಬರಲಿಲ್ಲ. ಕಣ್ಣು ತುಂಬಿ ಅಕ್ಷರಗಳೆಲ್ಲ ಕಲಸಿಹೋದವು. ಬಾಕಿ ಪ್ರಶ್ನೆಗಳನ್ನೂ ಮುಟ್ಟದೆ ಕೂತೇ ಇದ್ದೆ, ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಾಕು, ಕೈ ನೋಯುತ್ತಿದೆ. ನಿಮ್ಮಪ್ಪ ಅಂಚೆಗೆ ಹಾಕೋಕೆ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ‘ಇನ್ನೂ ಮುಗೀಲಿಲ್ವಾ? ಪುಸ್ತಕ ಬರೀತಿದ್ದೀಯಾ?’ ಅಂತ ಒಂದೇ ಸಮನೆ ಅವಸರ ಮಾಡುತ್ತಿದ್ದಾರೆ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮೈಕೈ ಗಟ್ಟಿಯಾಗಿರಲಿ, ನಿದ್ದೆ ಚೆನ್ನಾಗಿ ಬರಲಿ, ನಿನ್ನ ನಗು ಮೊದಲಿನ ಹಾಗೆ ಪಕ್ಕದ ಮನೆಯವರಿಗೂ ಕೇಳಿಸಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ಪರೀಕ್ಷೆಯಲ್ಲಿ ಏನಾಯಿತು ಅಂತ ಹೇಳದೆ ಕಳಿಸಿದರೆ ಅದು ಮೋಸ. ನಾನು ಫೇಲಾದೆ. ಐವತ್ತು ಬೇಕಿತ್ತು, ನಲವತ್ತಾರು ಬಂತು. ಈ ತಿಂಗಳು ಇಪ್ಪತ್ತನಾಲ್ಕಕ್ಕೆ ಇನ್ನೊಂದು ಸಲ ಬರೆಯೋಕೆ ಬಿಡುತ್ತಾರೆ, ಅಲ್ಲಿಯವರೆಗೆ ಕೆಳಗಡೆ ಬೆಡ್‌ಶೀಟ್ ಮಡಿಸುತ್ತಿದ್ದೇನೆ. ಅಂಕ ಗೊತ್ತಾದ ದಿನ ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿ, ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟೆ. ನಾನು ನಿನಗೆ ಅಂದ ಮಾತುಗಳನ್ನೆಲ್ಲ ಈಗ ಇವರು ನನಗೆ ಅನ್ನುತ್ತಾರೆ ಅಂತ ಕಾದೆ. ಅನ್ನಲಿ, ಸರಿಯಾಗುತ್ತದೆ ಅಂತಲೂ ಅನ್ನಿಸಿತ್ತು. ಅವರು ಒಳಗೆ ಹೋಗಿ ತಟ್ಟೆ ಹಾಕಿದರು. ‘ಕೈ ತೊಳ್ಕೊಂಡು ಬಾ, ಊಟ ಮಾಡೋಣ’ ಅಂದರು. ಅಷ್ಟೇ. ಗುಬ್ಬಿ, ಅವತ್ತು ನಾನು ನಿನಗೆ ಹೇಳಬೇಕಾಗಿದ್ದು ಇಷ್ಟೇ ಆಗಿತ್ತು. ಪರೀಕ್ಷೆ ಮತ್ತೆ ಕಟ್ಟುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟಿದ್ದು, ನಾನು ಇನ್ನೊಂದು ಮಾತು ಆಡುವುದಿಲ್ಲ. ಏಳು ತಿಂಗಳು ತಡವಾಗಿ ಹೇಳುತ್ತಿದ್ದೇನೆ. ಕೈ ತೊಳೆದುಕೊಂಡು ಬಾ, ಕಂದಾ. ಊಟ ಮಾಡೋಣ.